ಲೋಯಿಸ್ ಚೆನ್ನಾಗಿದ್ದಾಳೆ

ಟಾಲ್‌ಮನ್ ಗುಡ್ಡ
29 ಜನವರಿ 1717

ದೋರ್ಕಾಸ್,

ಮಗಳನ್ನು ನಿನ್ನ ಮನೆಗೆ ಕಳಿಸಿ ಹನ್ನೆರಡು ದಿನವಾಯಿತು. ನಿನ್ನಿಂದ ಒಂದು ಸಾಲಿಲ್ಲ. ಅಂಚೆಯ ಟಿಲ್ಲಿ ಇವತ್ತು ಬಂದವನು ಬರಿಗೈ ತೋರಿಸಿದ. "ನಿಮ್ಮ ತಂಗಿ ಬರೆಯೋಕೆ ಕೂತ್ರೆ ಏಳೋದೇ ಇಲ್ವಲ್ಲ ತಾಯಿ, ಇನ್ನೂ ಮುಗಿದಿರಲಿಕ್ಕಿಲ್ಲ" ಅಂದು ಹಲ್ಲು ಕಿರಿದ. ಅವನಿಗೆ ಕೊಟ್ಟ ಒಂದು ಲೋಟ ಸೇಬಿನ ಮದ್ಯ ದಂಡ.

ಲೋಯಿಸ್‌ಗೆ ಬೆಳಿಗ್ಗೆ ಬಿಸಿ ಗಂಜಿ ಕೊಡು. ಕಾಕಂಬಿ ಇನ್ನೂ ಹಾಕು ಅನ್ನುತ್ತಾಳೆ, ಹಾಕಬೇಡ. ಕಾಲುಚೀಲ ಒದ್ದೆಯಾದರೆ ಬಾಯಿಬಿಟ್ಟು ಹೇಳುವವಳಲ್ಲ, ನೀನೇ ಮುಟ್ಟಿ ನೋಡಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಸುತ್ತ ನೋಡುತ್ತಿರುತ್ತಾಳೆ, ಗದರಿಸು. ಆರು ವರ್ಷ ತುಂಬಿದ ಹುಡುಗಿಗೆ ಒಂದು ನೆಟ್ಟಗಿನ ಹೊಲಿಗೆ ಬರಬೇಡವೆ? ಅದನ್ನು ಕಲಿಸು. ನಿನಗೆ ಮಕ್ಕಳು ಉಳಿಯಲಿಲ್ಲ ಅಂತ ಎಲ್ಲ ಮುದ್ದನ್ನೂ ನನ್ನ ಮಗಳ ಮೇಲೆ ಸುರಿದು ಕೆಡಿಸಬೇಡ.

ಓಬೆದ್ ಇನ್ನೂ ನನ್ನ ಮೇಲೆ ಮುನಿಸಿಕೊಂಡೇ ಇದ್ದಾರೆ. ಅವಳನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು ಇಪ್ಪತ್ತೆರಡು ಮೈಲಿ ಎಳೆದು ನಿನ್ನ ಬಾಗಿಲಿಗೆ ಬಿಟ್ಟು ಬಂದ ಮೇಲೆ ಮೂರು ದಿನ ಮಾತಿಲ್ಲ, ಕತೆಯಿಲ್ಲ. ನಿನ್ನೆ ಊಟಕ್ಕೆ ಕೂತಾಗ "ನಮ್ಮನೇಲಿ ಒಂದು ಮಗೂಗೆ ಜಾಗ ಇರಲಿಲ್ವಾ ಜೆರೂಷಾ?" ಅಂದರು. "ಜಾಗ ಇದೆ, ನನ್ನ ಮೈಯಲ್ಲಿ ತ್ರಾಣ ಇಲ್ಲ" ಅಂದೆ. ಸುಳ್ಳೇನಲ್ಲ. ಏಪ್ರಿಲಿನಲ್ಲಿ ಹೆರಿಗೆ. ಹಿಂದಿನ ಸಲ ಆದದ್ದು ನಿನಗೆ ಗೊತ್ತಿದೆ. ಸೂಲಗಿತ್ತಿ ಪ್ರಾಟ್ ಅಜ್ಜಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಭಾರ ಎತ್ತಬೇಡ, ಮೆಟ್ಟಿಲು ಹತ್ತಬೇಡ, ಅಳಬೇಡ" ಅಂದಿದ್ದಾಳೆ. ಮೊದಲಿನ ಎರಡು ಬಿಡಬಹುದು. ಮೂರನೆಯದಕ್ಕೆ ನನಗೆ ಪುರುಸೊತ್ತೇ ಇಲ್ಲ. ಈ ಮನೆಯ ಹೊಗೆಯಲ್ಲಿ ಆ ಹುಡುಗಿಯೂ ರಾತ್ರಿಯಿಡೀ ಕೆಮ್ಮುತ್ತಿದ್ದಳು. ನಿನ್ನ ಮನೆಯ ಹೊಗೆಗೂಡು ಒಳ್ಳೆಯದು. ಅಲ್ಲೇ ಇರಲಿ.

ಓಬೆದ್‌ಗೆ ಓದು ಬಾರದು, ನಿನ್ನ ಕಾಗದವನ್ನು ನಾನೇ ಗಟ್ಟಿಯಾಗಿ ಓದಬೇಕು. ಆದ್ದರಿಂದ ಮಗಳ ವಿಷಯ ಮೊದಲು ಬರೆ, ನಿನ್ನ ಬೀದಿಯ ಸುದ್ದಿ ಆಮೇಲೆ.

ಜೆರೂಷಾ

.

ಬಾಸ್ಟನ್
5 ಫೆಬ್ರವರಿ

ಅಕ್ಕಾ,

ಬೈಯಬೇಡ. ಬರೆಯಲು ಕೂತಾಗಲೆಲ್ಲ ನಿನ್ನ ಮಗಳು ಬಂದು ಶಾಯಿಯಲ್ಲಿ ಬೆರಳದ್ದುತ್ತಾಳೆ. ಈ ಕಾಗದದ ಮೂಲೆಯ ಕಪ್ಪು ಗುರುತು ಅವಳದೇ. ಅದು ಕೋಳಿಯಂತೆ. ಭಾವನಿಗೆ ತೋರಿಸು.

ಮಗಳ ವಿಷಯ ಮೊದಲು ಅಂದೆಯಲ್ಲ, ಇಲ್ಲಿ ಬೇರೆ ವಿಷಯವೇ ಇಲ್ಲ. ಕೆಮ್ಮು ನಿಂತಿದೆ. ಗಂಜಿ ಕುಡಿಯುತ್ತಾಳೆ, ಹುಳಿರೊಟ್ಟಿ ತಿನ್ನುತ್ತಾಳೆ, ಒಣಗಿಸಿದ ಕುಂಬಳಕಾಯಿ ಮಾತ್ರ ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಾಳೆ. ಕಾಕಂಬಿ ಸ್ವಲ್ಪ ಹಾಕುತ್ತೇನೆ. ಸ್ವಲ್ಪವೇ.

ಮೊನ್ನೆ ಎನೋಕ್ ಕೆಲಸದ ಕೋಣೆಯಲ್ಲಿ ಪೀಪಾಯಿಗೆ ಪಟ್ಟಿ ಬಡಿಯುತ್ತಿದ್ದಾಗ ಇವಳು ಪಕ್ಕದ ಖಾಲಿ ಪೀಪಾಯಿಯೊಳಗೆ ಇಳಿದು ಕೂತಳು. ಊಟಕ್ಕೆ ಕರೆದರೆ ಬರಲೊಲ್ಲಳು.

"ನಾನು ಉಪ್ಪು ಮೀನು. ನನ್ನನ್ನ ಹಡಗಿಗೆ ಹಾಕಿ."

ನನ್ನ ಗಂಡ ಎಂಥ ಮೂಗನೆಂದು ನಿನಗೆ ಗೊತ್ತಲ್ಲ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರು ಸುತ್ತಿಗೆ ಕೆಳಗಿಟ್ಟು, "ಯಾವೂರಿಗೆ ಕಳಿಸ್ಲಿ ಮೀನೇ?" ಅಂದರು.

"ಟಾಲ್‌ಮನ್ ಗುಡ್ಡಕ್ಕೆ. ಅಪ್ಪ ಉಪ್ಪು ಮೀನು ತಿಂತಾರೆ."

ನಾವಿಬ್ಬರೂ ನಕ್ಕೆವು ಅಕ್ಕ. ಎನೋಕ್ ನಗುವುದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟವಳಿಗೆ ಮುದ್ದು ಮಾಡುವುದು ಬಿಟ್ಟು ಬೇರೇನು ತಿಳಿದಿರುತ್ತದೆ? ಕೆಡಿಸಿದರೆ ಎರಡು ತಿಂಗಳು ಕೆಡಿಸುತ್ತೇನೆ. ಆಮೇಲೆ ನೀನು ಸರಿಮಾಡಿಕೊ.

ಎರಡು ದಿನದಿಂದ ಪಕ್ಕದ ಮನೆಯ ಮಕ್ಕಳ ಜೊತೆ ಆಡಲು ಹೋಗುತ್ತಾಳೆ. ಒಬ್ಬಳೇ ಇದ್ದರೆ ಬೇಸರವಾಗುತ್ತದಲ್ಲ.

ನೀನು ಮೆಟ್ಟಿಲು ಹತ್ತಬೇಡ.

ನಿನ್ನ ದೋರ್ಕಾಸ್

.

ಕಳಿಸದೆ ಉಳಿದ ಕಾಗದ

ಬಾಸ್ಟನ್
14 ಫೆಬ್ರವರಿ

ಅಕ್ಕಾ,

ಲೋಯಿಸ್ ನಿನ್ನೆ ಮಧ್ಯಾಹ್ನ ಹೋದಳು.

ಇದನ್ನು ಬರೆಯಲು ಬೆಳಗಿನಿಂದ ಕೂತಿದ್ದೇನೆ. ಪಕ್ಕದ ಮನೆಯ ಮಕ್ಕಳಿಗೆ ಗಂಟಲು ಬೇನೆ ಇತ್ತು, ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ನುಂಗಲು ಆಗುವುದಿಲ್ಲ ಅಂದಳು. ಸೋಮವಾರ ಗಂಟಲೊಳಗೆ ಬೆಳ್ಳಗೆ ಪೊರೆ ಕಟ್ಟಿತ್ತು. ವೈದ್ಯರು ಬಂದು ನೋಡಿ, ಜೇನು ಮತ್ತು ಹಂದಿಕೊಬ್ಬು ಸವರಲು ಹೇಳಿ, ಹೊರಗೆ ಹೋಗಿ ಎನೋಕ್ ಹತ್ತಿರ ಮೆಲ್ಲಗೆ ಮಾತಾಡಿದರು. ಆಗಲೇ ನನಗೆ ತಿಳಿಯಿತು. ಮೂರು ಸಲ ನೋಡಿದ್ದೇನಲ್ಲ, ಹಾಗೆ ಮಾತಾಡುವುದನ್ನು.

ಕೊನೆಯವರೆಗೂ ಎಚ್ಚರವಿತ್ತು. "ಚಿಕ್ಕಮ್ಮ, ಅಪ್ಪ ಬಂದ್ರಾ?" ಅಂದಳು. ಇಲ್ಲ ಕಂದಾ, ಬರ್ತಾರೆ ಅಂದೆ. "ಬಂಡಿ ಸದ್ದು ಕೇಳಿಸ್ತು, ಬಾಗಿಲು ತೆಗಿ" ಅಂದಳು. ಎನೋಕ್ ಹೋಗಿ ಬಾಗಿಲು ತೆಗೆದು ನಿಂತರು. ಯಾರೂ ಇರಲಿಲ್ಲ, ಆದರೂ ತೆಗೆದು ನಿಂತರು. ಅಷ್ಟರಲ್ಲಿ ಮುಗಿದುಹೋಯಿತು.

ಪೆಟ್ಟಿಗೆಯನ್ನು ಅವರೇ ಮಾಡಿದ್ದಾರೆ, ನೀರು ಹೋಗದ ಹಾಗೆ ಸಂದಿಗೆಲ್ಲ ರಾಳ ಹಚ್ಚಿದ್ದಾರೆ. ಹಿಂದಿನ ಕೋಣೆಯಲ್ಲಿದೆ. ನೆಲ ಕಲ್ಲಾಗಿದೆ, ಗೋರಿ ತೋಡುವವನು ಎರಡು ದಿನ ಅದರ ಮೇಲೆ ಬೆಂಕಿ ಉರಿಸಬೇಕಂತೆ. ಸೋಮವಾರ ಬಾ ಅಂದಿದ್ದಾನೆ.

ಅಮ್ಮ ಸತ್ತ ಸುದ್ದಿಯ ಕಾಗದವನ್ನು ನಾನೇ ಬರೆದಿದ್ದೆ. ಅದನ್ನು ಓದಿದ ಮೂರನೆಯ ದಿನ ನಿನ್ನ ಏಳು ತಿಂಗಳ ಬಸಿರು ಇಳಿದುಹೋಯಿತು, ನೀನೂ ಹೋಗಿಬಿಡುತ್ತೀ ಅಂದುಕೊಂಡಿದ್ದರು. ಈಗಲೂ ನಿನಗೆ ಏಳನೆಯ ತಿಂಗಳು.

ಎನೋಕ್ ಒಂದೇ ಮಾತು ಹೇಳುತ್ತಾರೆ. "ಬರೀ. ಅವಳ ಮಗು, ಅವಳಿಗೆ ತಿಳೀಬೇಕು." ಭಾವನಿಗೆ ಮಾತ್ರ ತಿಳಿಸೋಣ ಅಂದರೆ ಹೇಗೆ ತಿಳಿಸಲಿ? ಅವರ ಹೆಸರಿಗೆ ಬರೆದ ಕಾಗದವನ್ನೂ ಓದುವವಳು ನೀನೇ. ಟಿಲ್ಲಿಯ ಬಾಯಲ್ಲಿ ಹೇಳಿಕಳಿಸಿದರೆ ಅವನು ದಾರಿಯ ಪ್ರತಿ ಬಾಗಿಲಲ್ಲೂ ಹೇಳಿಕೊಂಡು ಬರುತ್ತಾನೆ.

ಅಕ್ಕ, ಇದನ್ನು ನಾನು ಕಳಿಸಲಾರೆ.

.

ಬಾಸ್ಟನ್
15 ಫೆಬ್ರವರಿ

ಅಕ್ಕಾ,

ಟಿಲ್ಲಿ ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ತಪ್ಪು ತಿಳಿಯಬೇಡ.

ಲೋಯಿಸ್ ಚೆನ್ನಾಗಿದ್ದಾಳೆ. ಹೊಲಿಗೆ ಶುರು ಮಾಡಿದ್ದಾಳೆ, ಒಂದು ಅಂಚು ಮುಗಿಸಿದ್ದಾಳೆ. ನೆಟ್ಟಗಿದೆ. ಬೆಳಿಗ್ಗೆ ಎದ್ದ ಕೂಡಲೆ ಅಪ್ಪ ಬಂದ್ರಾ ಅಂತ ಕೇಳುತ್ತಾಳೆ. ಬೀದಿಯಲ್ಲಿ ಯಾವ ಬಂಡಿಯ ಸದ್ದಾದರೂ ಬಾಗಿಲು ತೆಗಿ ಅನ್ನುತ್ತಾಳೆ. ಮಕ್ಕಳು ಹಾಗೇ. ನಾಲ್ಕು ದಿನಕ್ಕೆ ಮರೆಯುತ್ತಾಳೆ, ಯೋಚನೆ ಮಾಡಬೇಡ.

ನೀನು ಚೆನ್ನಾಗಿ ಉಣ್ಣು. ಹೊಟ್ಟೆಯಲ್ಲಿರುವುದನ್ನು ಕಾಪಾಡಿಕೊ. ಏಪ್ರಿಲ್ ಕಳೆಯಲಿ.

ದೋರ್ಕಾಸ್

.

ಓಬೆದ್ ಕೈಯಲ್ಲಿ ಕೊಟ್ಟದ್ದು

ಟಾಲ್‌ಮನ್ ಗುಡ್ಡ
19 ಫೆಬ್ರವರಿ

ದೋರ್ಕಾಸ್,

ಈ ಕಾಗದ ನಿನ್ನ ಕೈಗೆ ಕೊಡುವವರು ನಮ್ಮವರೇ. ಆಶ್ಚರ್ಯಪಡಬೇಡ, ಮೊದಲು ಅವರ ಬೂಟು ಬಿಚ್ಚಿಸಿ ಬೆಂಕಿಯ ಮುಂದೆ ಕೂರಿಸು.

ನಿನ್ನ ಕಾಗದ ಭಾನುವಾರ ಪ್ರಾರ್ಥನೆಗೆ ಹೋದಾಗ ಸಿಕ್ಕಿತು. ಮನೆಗೆ ಬಂದು ಓದಿದೆ. "ಅಪ್ಪ ಬಂದ್ರಾ ಅಂತ ಕೇಳ್ತಾಳೆ" ಅನ್ನುವಲ್ಲಿಗೆ ಬಂದಾಗ ಇವರು "ಇನ್ನೊಂದ್ಸಲ ಓದು" ಅಂದರು. ಓದಿದೆ. ಎದ್ದು ಕೊಟ್ಟಿಗೆಗೆ ಹೋದವರು ಒಂದು ಗಂಟೆ ಬರಲಿಲ್ಲ. ಹೋಗಿ ನೋಡಿದರೆ ಜಾರುಬಂಡಿಯ ಅಡಿಪಟ್ಟಿಗೆ ಕೊಬ್ಬು ಸವರುತ್ತಾ ಕೂತಿದ್ದರು.

ನಿನ್ನೆ ಇಡೀ ದಿನ ಹಿಮ ಸುರಿಯಿತು. ಕಿಟಕಿಯ ಅರ್ಧಕ್ಕೆ ಬಂದಿದೆ. ಬೇಡ, ಎರಡು ದಿನ ತಡೆಯಿರಿ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹಟಮಾರಿ ಮನುಷ್ಯ. ಕಾಲು ಹೂತುಹೋಗದ ಹಾಗೆ ಜಾಳಿಗೆ ಮೆಟ್ಟು ಕಟ್ಟಿಕೊಂಡು ಹೊರಟಿದ್ದಾರೆ, ಇವತ್ತು ರಾತ್ರಿ ಮುರಿದ ಸೇತುವೆಯ ಹತ್ತಿರದ ಛತ್ರದಲ್ಲಿ ತಂಗಿ ನಾಳೆ ಸಂಜೆಗೆ ನಿನ್ನ ಮನೆ.

ಮಗಳನ್ನು ಕಳಿಸಿಕೊಡು. ಅವಳಿಲ್ಲದೆ ಇವರಿಗೆ ಊಟ ಸೇರುವುದಿಲ್ಲ. ನನಗೇನು, ನಾನು ಇದ್ದುಬಿಡುತ್ತಿದ್ದೆ. ಎರಡು ಕಂಬಳಿ ಹೊದಿಸು, ಕಾಲಡಿ ಕಾಯಿಸಿದ ಕಲ್ಲು ಇಡು. ಹಿಮ ನಿಲ್ಲದಿದ್ದರೆ ಇಬ್ಬರನ್ನೂ ಒಂದು ವಾರ ಅಲ್ಲೇ ಹಿಡಿದುಕೊ. ಹಸು ಎರಡು, ಕುರಿ ಹನ್ನೊಂದು. ಅಷ್ಟು ದಿನ ನಾನು ನೋಡಿಕೊಳ್ಳುತ್ತೇನೆ.

ಜೆರೂಷಾ

.

ಬಾಸ್ಟನ್
2 ಮಾರ್ಚ್

ಅಕ್ಕಾ,

ಬದುಕಿದ್ದೀರಾ? ನಮ್ಮ ಕಾಲದಲ್ಲಿ ಇಂಥದ್ದನ್ನು ಕಂಡವರಿಲ್ಲ. ಸೋಮವಾರದ ಹಿಮ ಒಂದು, ಬುಧವಾರದ್ದು ಅದರ ಮೇಲೆ, ಕರ್ತನ ದಿನವಾದ ಭಾನುವಾರ ಬಿದ್ದದ್ದು ಅವೆರಡನ್ನೂ ನುಂಗುವಂಥದ್ದು. ಪ್ರಾರ್ಥನಾ ಮನೆಯ ಬಾಗಿಲನ್ನೇ ತೆಗೆಯಲಿಲ್ಲ. ನಮ್ಮ ಬೀದಿಯ ಒಂದು ಅಂತಸ್ತಿನ ಮನೆಗಳ ಹೊಗೆಗೂಡು ಮಾತ್ರ ಕಾಣುತ್ತದೆ. ಎನೋಕ್ ಮಾಳಿಗೆಯ ಕಿಟಕಿಯಿಂದ ಹೊರಗೆ ಇಳಿಯುತ್ತಾರೆ. ಎದುರು ಮನೆಯ ಮುದುಕಿ ಸೌದೆ ಮುಗಿದು ಕುರ್ಚಿ, ನೂಲುವ ರಾಟೆ ಎಲ್ಲ ಸುಟ್ಟಳಂತೆ, ಕೊನೆಗೆ ಅಕ್ಕಪಕ್ಕದವರು ಸುರಂಗ ತೋಡಿ ಹೊರಗೆ ಎಳೆದರು. ಅಂಚೆಯವರು ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದಾರೆ. ಟಿಲ್ಲಿ ನಾಳಿದ್ದು ಹೊರಡುತ್ತಾನೆ.

ಲೋಯಿಸ್ ಚೆನ್ನಾಗಿದ್ದಾಳೆ. ಮಾಳಿಗೆಯ ಕಿಟಕಿಯಲ್ಲಿ ಕೂತು, ಹಿಮದ ಮೇಲೆ ನಡೆದುಹೋಗುವವರ ಟೋಪಿ ಎಣಿಸುತ್ತಾಳೆ. ಇಪ್ಪತ್ತರ ಮೇಲೆ ಎಣಿಕೆ ಬಾರದು, ಮತ್ತೆ ಒಂದರಿಂದ ಶುರು. ನಿನ್ನೆ ಅವಳ ಲಂಗದ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಿದೆ. ಅಷ್ಟು ಬೆಳೆದಿದ್ದಾಳೆ. ಕೂದಲು ಬಾಚುವಾಗ ಅರಚುತ್ತಾಳೆ. ನಗುವಾಗ ಥೇಟ್ ನಮ್ಮ ಅಮ್ಮ.

ಸೌದೆ ಉಳಿಸಲು ಒಂದೇ ಕೋಣೆಯಲ್ಲಿ ಬೆಂಕಿ ಹಾಕುತ್ತೇವೆ. ಹಿಂದಿನ ಕೋಣೆಯ ಬಾಗಿಲು ಹಾಕಿಯೇ ಇರುತ್ತದೆ. ಎನೋಕ್ ಮಾತ್ರ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುತ್ತಾರೆ.

ನಿನ್ನ ಮೈ ಹೇಗಿದೆ? ಅದೊಂದನ್ನು ಬರೆ. ಬೇರೆ ಏನನ್ನೂ ಬರೆಯದಿದ್ದರೂ ಪರವಾಗಿಲ್ಲ.

ದೋರ್ಕಾಸ್

.

ಟಾಲ್‌ಮನ್ ಗುಡ್ಡ
11 ಮಾರ್ಚ್

ದೋರ್ಕಾಸ್,

ಟಿಲ್ಲಿ ಶನಿವಾರ ಬಂದ. "ನಿಮ್ಮ ಕೊಟ್ಟಿಗೆ ಸೂರಿನ ಮೇಲೇ ನಡ್ಕೊಂಡು ಬಂದೆ ತಾಯಿ, ಕೆಳಗೆ ಕೊಟ್ಟಿಗೆ ಇದೆ ಅಂತಲೇ ಗೊತ್ತಾಗ್ಲಿಲ್ಲ" ಅಂದ. ಮೂಗಿನ ತುದಿ ಕಪ್ಪಾಗಿದೆ. ಈ ಸಲ ಹಲ್ಲು ಕಿರಿಯಲಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಎದುರು ಮನೆ ಮುದುಕಿಯ ಕುರ್ಚಿಯ ವಿಷಯ ಇದೆ, ಟೋಪಿ ಎಣಿಸುವ ವಿಷಯ ಇದೆ, ನಮ್ಮವರ ವಿಷಯ ಒಂದಕ್ಷರ ಇಲ್ಲ. ನಿನ್ನ ಮನೆಗೆ ಬಂದು ಹತ್ತು ದಿನವಾದ ಮನುಷ್ಯನ ವಿಷಯ ಒಂದಕ್ಷರ ಇಲ್ಲ!

ಮೊದಲು ದಾರಿಯಲ್ಲೇ ಏನೋ ಆಯಿತು ಅಂದುಕೊಂಡೆ. ಆಮೇಲೆ ಹಿಂದಿನ ಕೋಣೆಯ ಮಾತು ಬಂತು. ಬಾಗಿಲು ಹಾಕಿರುತ್ತದೆ, ಎನೋಕ್ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುತ್ತಾರೆ ಅಂದೆಯಲ್ಲ. ನಾನೇನು ಮೂರ್ಖಳೆ? ಬಸುರಿಗೆ ಹೇಳಬಾರದು ಅಂತ ನೀವು ಮೂವರೂ ಕೂಡಿ ಮಾಡಿದ ಉಪಾಯ ಇದು. ಅವರು ಕಾಲಿಗೆ ಹಿಮ ಹಿಡಿಸಿಕೊಂಡು ಬಂದು ಮಲಗಿದ್ದಾರೆ. "ಜೆರೂಷಾಗೆ ಬರೀಬೇಡ" ಅಂತ ಅವರೇ ಹೇಳಿರುತ್ತಾರೆ, ನನಗೆ ಅವರು ಗೊತ್ತಿಲ್ಲವೆ? ಎಷ್ಟು ಬೆರಳು ಹೋಗಿವೆ? ಪಾದ ಹೋಗಿದೆಯೆ? ಹೋದರೆ ಹೋಗಲಿ. ಒಂದು ಕಾಲಿನ ಗಂಡನನ್ನು ಇಟ್ಟುಕೊಂಡು ಹೊಲ ಮಾಡಿದವರು ಈ ಗುಡ್ಡದಲ್ಲೇ ಇಬ್ಬರಿದ್ದಾರೆ. ಹಾಗಂತ ಅವರಿಗೆ ಹೇಳು.

ಇಲ್ಲಿ ಎಲ್ಲ ಸರಿಯಾಗಿದೆ ಅಂತಲೂ ಹೇಳು. ಹಸುಗಳು ಚೆನ್ನಾಗಿವೆ, ಕುರಿಗಳು ಚೆನ್ನಾಗಿವೆ, ಮಗು ಒದೆಯುತ್ತಿದೆ. ಪ್ರಾಟ್ ಅಜ್ಜಿ ನನ್ನ ಜೊತೆಗೇ ಬಂದು ಇದ್ದಾಳೆ. ಹೆದರಬೇಡಿ ಅಂತ ಹೇಳು.

ಮಗಳನ್ನು ಅವರ ಪಕ್ಕದಲ್ಲಿ ಕೂರಿಸು. ಅದೇ ಅವರಿಗೆ ಔಷಧ. ಹಿಮ ಕರಗಿದ ಮೇಲೆ ಇಬ್ಬರೂ ಒಟ್ಟಿಗೆ ಬರಲಿ.

ಜೆರೂಷಾ

.

ಬಾಸ್ಟನ್
15 ಮಾರ್ಚ್

ಅಕ್ಕಾ,

ಪ್ರಾಟ್ ಅಜ್ಜಿ ನಿನ್ನ ಹತ್ತಿರವೇ ಇದ್ದರೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಓದು.

ಹಿಂದಿನ ಕೋಣೆಯಲ್ಲಿ ಇರುವುದು ಭಾವನಲ್ಲ. ಭಾವ ಇಲ್ಲಿಗೆ ಬರಲೇ ಇಲ್ಲ. ಅವರು ಹೊರಟಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದಾಗಲೇ ತಿಳಿದದ್ದು.

ಆ ಕೋಣೆಯಲ್ಲಿ ಇರುವವಳು ಲೋಯಿಸ್. ಫೆಬ್ರವರಿ ಹದಿಮೂರನೆಯ ತಾರೀಖು ಮಧ್ಯಾಹ್ನ ಗಂಟಲು ಬೇನೆಯಿಂದ ತೀರಿಕೊಂಡಳು. ಸೋಮವಾರ ಮಣ್ಣು ಮಾಡುವುದಿತ್ತು, ಸೋಮವಾರವೇ ಹಿಮ ಬಿತ್ತು. ಆಮೇಲೆ ಗೋರಿ ತೋಡುವವನಿಗೆ ಗೋರಿಗಳ ಜಾಗವೇ ಸಿಗಲಿಲ್ಲ. ಅವಳು ಹೋದ ಮೇಲೆ ನಿನಗೆ ಎರಡು ಕಾಗದ ಬರೆದೆ. ಹೊಲಿಗೆ, ಕಿಟಕಿ, ಟೋಪಿ ಎಣಿಸಿದ್ದು, ಲಂಗದ ಅಂಚು ಬಿಚ್ಚಿದ್ದು, ಎಲ್ಲ ಸುಳ್ಳು. ಅಪ್ಪ ಬಂದ್ರಾ ಅಂತ ಕೇಳಿದ್ದು ಮಾತ್ರ ನಿಜ. ಕೊನೆಯ ಉಸಿರಿನಲ್ಲಿ ಕೇಳಿದಳು. ಸುಳ್ಳು ಕಾಗದದಲ್ಲಿ ಒಂದಾದರೂ ನಿಜ ಇರಲಿ ಅಂತ ಅದನ್ನು ಹಾಕಿದೆ. ಆ ಒಂದು ನಿಜವೇ ಭಾವನನ್ನು ಮನೆಯಿಂದ ಎಬ್ಬಿಸಿತು.

ನಿನಗಾಗಿ ಮಾಡಿದೆ, ಹೊಟ್ಟೆಯ ಮಗುವಿಗಾಗಿ ಮಾಡಿದೆ. ಮೊದಲನೆಯ ಕಾಗದದ ಮಟ್ಟಿಗೆ ಅದು ಸತ್ಯ. ಎರಡನೆಯದರ ಮಟ್ಟಿಗೆ ಅಷ್ಟೇ ಅಲ್ಲ ಅಕ್ಕ. ಬರೆಯುತ್ತಾ ಕೂತಷ್ಟು ಹೊತ್ತು ಅವಳು ಕಿಟಕಿಯಲ್ಲಿ ಇದ್ದಳು. ಲಂಗದ ಅಂಚು ನನ್ನ ಬೆರಳಲ್ಲಿತ್ತು. ಎನೋಕ್ ಬಂದು ಭುಜದ ಮೇಲಿಂದ ಓದಿ, "ಇದು ಪಾಪ ದೋರ್ಕಾಸ್" ಅಂದರು. "ಮುಗಿಸೋಕೆ ಬಿಡಿ" ಅಂದೆ.

ನಿನ್ನ ಕಾಗದ ಬಂದ ಘಳಿಗೆಯೇ ಎನೋಕ್ ಮತ್ತು ಬೀದಿಯ ಇಬ್ಬರು ಗಂಡಸರು ಪಶ್ಚಿಮದ ದಾರಿಯಲ್ಲಿ ಹುಡುಕಲು ಹೋಗಿದ್ದಾರೆ. ಭಾವ ಯಾವುದಾದರೂ ಹೊಲಮನೆಯಲ್ಲಿ ಸಿಕ್ಕಿಬಿದ್ದಿರಬಹುದು. ಒಬ್ಬ ದರ್ಜಿ ಮೂರು ವಾರ ಯಾರದೋ ಕೊಟ್ಟಿಗೆಯಲ್ಲಿದ್ದು ಮೊನ್ನೆ ಮನೆಗೆ ಬಂದನಂತೆ. ಹಾಗೆ ಆಗಿದೆ ಅಂದರೆ ನೀನು ನಂಬುತ್ತೀಯೋ ಇಲ್ಲವೋ. ನನ್ನ ಮಾತನ್ನು ನಂಬು ಅನ್ನುವ ಬಾಯಿ ನನಗೆ ಉಳಿದಿಲ್ಲ.

ಅವಳನ್ನು ಇಲ್ಲಿ ಮಣ್ಣು ಮಾಡಬಾರದು, ತಾಯಿ ಹೇಳಿದ ಕಡೆ ಮಾಡಬೇಕು ಅನ್ನುತ್ತಾರೆ ಎನೋಕ್. ನಿನ್ನ ಮಾತಿಗಾಗಿ ಕಾಯುತ್ತೇವೆ.

ಇದನ್ನು ಓದಿ ನಿನಗೇನಾದರೂ ಆದರೆ ಅದೂ ನನ್ನ ತಲೆಗೇ. ಆದರೂ ಈ ಸಲ ಕಳಿಸುತ್ತಿದ್ದೇನೆ.

ದೋರ್ಕಾಸ್

.

ಟಾಲ್‌ಮನ್ ಗುಡ್ಡ
28 ಮಾರ್ಚ್

ದೋರ್ಕಾಸ್,

ಓಬೆದ್ ಸಿಕ್ಕಿದರು. ಕಳೆದ ಶುಕ್ರವಾರ, ಛತ್ರದಿಂದ ಐದು ಮೈಲಿ ಆಚೆ, ಒಂದು ಕಲ್ಲುಗೋಡೆಯ ಬುಡದಲ್ಲಿ. ಆ ಹೊಲದವನ ನಾಯಿ ಕೆದರಿ ತೆಗೆಯಿತಂತೆ. ಜಾರುಬಂಡಿಯನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸಿಕೊಂಡು ಕೂತಿದ್ದರು. ಅಂಗಿಯೊಳಗೆ ನಾನು ನಿನಗೆ ಬರೆದ ಕಾಗದ ಇತ್ತು. ಅದನ್ನು ನನಗೆ ತಂದುಕೊಟ್ಟರು. ಶಾಯಿ ಹರಡಿದೆ, ಆದರೂ ಓದಲು ಬರುತ್ತದೆ. ನಿನಗೆ ಕಳಿಸುವುದಿಲ್ಲ. ಅದರಲ್ಲಿ ಒಂದು ಸುಳ್ಳಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ತಡೆಯಿರಿ ಅಂತ ನಾನು ಹೇಳಿದೆ, ಅವರು ಕೇಳಲಿಲ್ಲ ಅಂತ ಅದರಲ್ಲಿ ಬರೆದಿದ್ದೆ. ನಡೆದದ್ದು ತಿರುಗಾಮುರುಗಾ. ಬಂಡಿಗೆ ಕೊಬ್ಬು ಸವರಿದ್ದು ನಿಜ. ಆದರೆ ಮಂಗಳವಾರ ಬೆಳಿಗ್ಗೆ ಅವರು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು, "ಇದು ಮುಗಿದಿಲ್ಲ ಜೆರೂಷಾ, ಇನ್ನೂ ಇದೆ. ಗುರುವಾರದ ತನಕ ನೋಡೋಣ" ಅಂದರು. ನಾನು, "ಅಲ್ಲಿ ಮಗಳು ಅಪ್ಪಾ ಅಂತ ಬಾಗಿಲು ಕಾಯ್ತಿದಾಳೆ. ನೀವು ಇಲ್ಲಿ ಮೋಡ ಎಣಿಸ್ತಾ ಕೂತ್ಕೊಳ್ಳಿ. ಗಂಡಸು!" ಅಂದೆ. ಅವರು ಎದ್ದರು. ಮೆಟ್ಟು ಕಟ್ಟಿಕೊಂಡರು. ಅವಳನ್ನು ಹಟ ಹಿಡಿದು ಕಳಿಸಿದವಳು ನಾನು, ಅವಳಿಲ್ಲದೆ ಒಂದು ದಿನ ಇರಲಾರದವಳೂ ನಾನೇ. ಅದು ನಿನಗೆ ತಿಳಿದರೆ ನಗುತ್ತೀ ಅಂತ ನಾಚಿಕೆಯಾಗಿ ಹಾಗೆ ಬರೆದೆ.

ಛತ್ರದವನೂ ಹೋಗಬೇಡ ಅಂದನಂತೆ. "ಹೋಗದೆ ಮನೆಗೆ ವಾಪಸ್ ಹೋದ್ರೆ ಅವಳ ಮುಖ ನೋಡೋಕಾಗಲ್ಲ" ಅಂದು ನಕ್ಕು ಹೊರಟರಂತೆ. ಆ 'ಅವಳು' ಮಗಳಲ್ಲ, ನಾನು.

ಇನ್ನು ನೀನು ಕಾಪಾಡಿಕೊ ಅಂದದ್ದರ ವಿಷಯ. ಭಾನುವಾರದ ಹಿಮದಲ್ಲಿ ಕೊಟ್ಟಿಗೆ ಮುಚ್ಚಿಹೋಯಿತು. ಎರಡು ದಿನ ಒಬ್ಬಳೇ ಸಲಿಕೆ ಹಿಡಿದು ಅಗೆದೆ. ಒಳಗೆ ಹಸುಗಳು ನಿಂತಲ್ಲೇ ಸತ್ತಿದ್ದವು, ಕಣ್ಣಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಹೊರಗಿದ್ದ ಕುರಿಗಳು ಇನ್ನೂ ಸಿಕ್ಕಿಲ್ಲ. ಅವತ್ತು ಸಂಜೆಯೇ ನೋವು ಬಂತು. ಗಂಡು. ಅಳಲಿಲ್ಲ. ಪ್ರಾಟ್ ಅಜ್ಜಿ ಬರುವಷ್ಟರಲ್ಲಿ ಐದು ದಿನವಾಗಿತ್ತು. ಮಗು ಒದೆಯುತ್ತಿದೆ ಅಂತ ನಾನು ನಿನಗೆ ಬರೆದದ್ದು, ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ ಅಂದುಕೊಂಡಿದ್ದ ಮನುಷ್ಯ ಕೇಳಿಸಿಕೊಳ್ಳಲಿ ಅಂತ.

ನೀನು ಎರಡನೆಯ ಸುಳ್ಳು ಬರೆದ ದಿನ ಕಾಪಾಡಲು ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ನಿನ್ನ ಮೊದಲನೆಯ ಸುಳ್ಳಿನ ಜಾಗದಲ್ಲಿ ನಿಜ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈ ಆರು ದಿನ ಯೋಚಿಸಿದೆ. ನಾನು ಸಾಯುತ್ತಿದ್ದೆನೋ ಏನೋ. ಓಬೆದ್ ಇರುತ್ತಿದ್ದರು. ಕೊಟ್ಟಿಗೆ ಅವರು ಅಗೆಯುತ್ತಿದ್ದರು. ಯೋಚನೆ ಅಲ್ಲಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ನಿನ್ನನ್ನು ಬೈಯಲು ಕೂತರೆ ನನ್ನ ಮಾತೇ ನನ್ನ ಕಿವಿಗೆ ಬೀಳುತ್ತದೆ.

ಪಾದ್ರಿಗಳು ಬಂದು ಎಲ್ಲ ದೇವರ ಚಿತ್ತ ಅಂದರು. ಆಗಲಿ ಅಂದೆ.

ಹೊಲವನ್ನು ಬಿಟ್ಟುಬಿಡುತ್ತೇನೆ. ಪ್ರಾಟ್ ಅಜ್ಜಿಗೆ ಕಣ್ಣು ಮಂಜಾಗುತ್ತಿದೆ, ಜೊತೆಗೆ ಯಾರಾದರೂ ಬೇಕು. ಅಲ್ಲಿರುತ್ತೇನೆ. ಬಾಸ್ಟನ್‌ಗೆ ಬಂದು ನಮ್ಮ ಜೊತೆ ಇರು ಅಂತ ನೀನು ಬರೆಯುತ್ತೀ. ಬರೆಯಬೇಡ.

ಓಬೆದ್ ಮತ್ತು ಮಗುವಿನ ಪಕ್ಕದಲ್ಲಿ ಮೂರನೆಯದಕ್ಕೆ ಜಾಗ ಬಿಟ್ಟು ತೋಡಿಸಿದ್ದೇನೆ. ಹಳ್ಳಿಯವರೊಬ್ಬರು ಬಂಡಿ ಕೊಡುತ್ತಾರೆ. ದಾರಿ ತೆರೆದಿದೆ ಅನ್ನುತ್ತಾರೆ. ಮುಂದಿನ ಬುಧವಾರ ಲೋಯಿಸ್‌ಳನ್ನು ಕರೆದುಕೊಂಡು ಹೋಗಲು ನಾನೇ ಬರುತ್ತೇನೆ.

ಎನೋಕ್ ಬಾಗಿಲು ತೆಗೆಯಲಿ. ಅವರ ಜೊತೆ ಮಾತಾಡಬಲ್ಲೆ.

ನೀನು ಅವತ್ತು ಮನೆಯಲ್ಲಿರಬೇಡ.

ಜೆರೂಷಾ